ಚನ್ನವೀರನ ಕೊರಳಿನ ಖಾಲಿ ಕ್ಯಾಮೆರಾ

ಚನ್ನವೀರನ ಬಲಗೈಗೆ ಮೊದಲ ಸಲ ಜೋಮು ಹಿಡಿದದ್ದು ಸಂತೆಕಲ್ಲೂರಿನ ಒಂದು ಮದುವೆಯಲ್ಲಿ. ತಾಳಿ ಕಟ್ಟುವ ಹೊತ್ತು. ಎಲ್ಲರೂ ಅಕ್ಕಿಕಾಳು ಹಿಡಿದು ಕಾಯುತ್ತಿದ್ದರು. ಚನ್ನವೀರ ಕ್ಯಾಮೆರಾವನ್ನು ಕಣ್ಣಿಗೆ ಹಚ್ಚಿದ. ಗುಂಡಿ ಒತ್ತಬೇಕು, ತೋರುಬೆರಳು ಎಲ್ಲಿದೆ ಎಂಬುದೇ ಗೊತ್ತಾಗಲಿಲ್ಲ. ಕಾಳು ಬಿದ್ದು, ವಾದ್ಯ ನಿಂತು, ಹೆಂಗಸರು ಆರತಿಗೆ ಎದ್ದ ಮೇಲೆ ಬೆರಳಿಗೆ ಜೀವ ಬಂತು. ಜೊತೆಯಲ್ಲಿ ವಿಡಿಯೋ ಮಾಡುತ್ತಿದ್ದ ಗೆಳೆಯ ಮುಕ್ತಿಯಾರ್‌ನ ವಿಡಿಯೋದೊಳಗಿಂದ ಆ ಗಳಿಗೆಯನ್ನು ಬಿಡಿಸಿ ತೆಗೆದು ಆಲ್ಬಮ್ಮಿಗೆ ಹಾಕಿದರು. ಮದುವೆಯವರಿಗೆ ತಿಳಿಯಲಿಲ್ಲ.

ಸಿಂಧನೂರು ಸೀಮೆಯಲ್ಲಿ ಅವನನ್ನು ಜೋಡಿ ಕ್ಯಾಮೆರಾದ ಚನ್ನವೀರ ಎಂದು ಕರೆಯುತ್ತಿದ್ದರು. ಕೊರಳಿಗೊಂದು ಡಿಎಸ್‌ಎಲ್‌ಆರ್, ಹೆಗಲಿಗೊಂದು, ಅದಕ್ಕೆ ಮೊಣಕೈಯುದ್ದದ ಲೆನ್ಸು, ಬೆನ್ನಿಗೆ ಚೀಲ. ಫಿಲ್ಮ್ ರೋಲಿನ ಕೊನೆಯ ದಿನಗಳಲ್ಲಿ ಕೆಲಸ ಕಲಿತವನು. ಆಮೇಲಿನ ಇಪ್ಪತ್ತು ವರ್ಷ ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಮದುವೆ, ಕುಬಸ, ಗೃಹಪ್ರವೇಶಗಳಲ್ಲಿ ಆ ಭಾರ ಹೊತ್ತುಕೊಂಡೇ ತಿರುಗಿದ್ದ. ಅವನು ಮಂಟಪಕ್ಕೆ ಬಂದರೆ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ದಾರಿ ಬಿಡುವುದು ತನಗೋ ಕ್ಯಾಮೆರಾಕ್ಕೋ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

ರಾಯಚೂರಿನ ಡಾಕ್ಟರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ ನೋಡಿದರು. ಎಲುಬು ಸವೆದು ನರ ಒತ್ತುತ್ತಿದೆ ಎಂದರು.

“ಇಷ್ಟು ವರ್ಷ ಕೊರಳಾಗ ಏನ್ ಹೊತ್ತೀರಿ?”

“ಕ್ಯಾಮೆರಾ ರೀ.”

“ಇಳಸ್ರಿ ಅದನ್ನ. ಇಲ್ಲಾಂದ್ರ ಕೈ ಪೂರಾ ಹೋಗ್ತೈತಿ.”

ಹೆಂಡತಿ ರಾಜಶ್ರೀ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಆಲ್ಬಮ್ ಕೂಡಿಸುವವಳು. ಮಿರರ್‌ಲೆಸ್ ಕ್ಯಾಮೆರಾ ತೆಗೆದುಕೊಳ್ಳೋಣ ಎಂದು ಹಟ ಹಿಡಿದವಳು ಅವಳೇ. ಎರಡೂ ಡಿಎಸ್‌ಎಲ್‌ಆರ್‌ಗಳನ್ನೂ ಉದ್ದ ಲೆನ್ಸನ್ನೂ ಮಾರಿದರು. ಹೊಸದು ಅಂಗೈಯಗಲ. ಒಳಗೆ ಕನ್ನಡಿ ಇಲ್ಲ, ಅದಕ್ಕೇ ಹಗುರ. ಕಣ್ಣಿಟ್ಟು ನೋಡಿದರೆ ಫೋಟೋ ಹೇಗೆ ಬರುತ್ತದೋ ಹಾಗೇ ಮೊದಲೇ ಕಾಣುತ್ತದೆ. ಚೌಕಟ್ಟಿನೊಳಗೆ ಎಲ್ಲಾದರೂ ಮನುಷ್ಯರ ಕಣ್ಣು ಕಂಡರೆ ತಾನೇ ಹುಡುಕಿ ಹಿಡಿಯುತ್ತದೆ. ಬೇಕೆಂದರೆ ಸದ್ದೇ ಮಾಡುವುದಿಲ್ಲ. ಒಂದು ದಿನ ಪೂರ್ತಿ ಅವನು ಸ್ಟುಡಿಯೋದಲ್ಲಿ ಅದನ್ನು ಒಂದೇ ಕೈಯಲ್ಲಿ ಹಿಡಿದು ಹೆಂಡತಿಯ ಫೋಟೋ ತೆಗೆಯುತ್ತ ಕಳೆದ. ಕೈ ನೋಯಲಿಲ್ಲ.

ಆ ಖುಷಿ ಗೊರೇಬಾಳದ ಮದುವೆಯವರೆಗೆ ಮಾತ್ರ. ಅಲ್ಲಿ ಮದುಮಗನ ಕಾಕಾ, ಗದ್ದೆಯ ದೊಡ್ಡ ಕುಳ, ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದ.

“ಏನ್ರೀ ಚನ್ನವೀರಣ್ಣ, ನಮ್ಮ ಮದುವಿಗೆ ಆಟಗಿ ಸಾಮಾನ ತಂದೀರಲ್ಲ! ಜೋಡಿ ಕ್ಯಾಮೆರಾ ಎಲ್ಲಿಟ್ರಿ? ದೊಡ್ಡವರ ಮದುವಿಗೆ ಅಷ್ಟ ತರ್ತೀರೇನು?”

ಪಂಕ್ತಿಯೆಲ್ಲ ನಕ್ಕಿತು. ಕೈ ಸರಿ ಇಲ್ಲ ಎಂದು ಹೇಳಬಹುದಿತ್ತು. ಇದು ಮೊದಲಿನದಕ್ಕಿಂತ ಚೆನ್ನಾಗಿ ತೆಗೆಯುತ್ತದೆ ಎನ್ನಬಹುದಿತ್ತು. ಎರಡೂ ನಿಜ. ಚನ್ನವೀರ ಮಾತ್ರ, “ಗಾಡ್ಯಾಗ ಐತ್ರಿ, ಈಗ ತರ್ತೀನಿ” ಎಂದುಬಿಟ್ಟ. ಗಾಡಿಯಲ್ಲಿ ಏನೂ ಇರಲಿಲ್ಲ. ಹೊರಗೆ ಹೋಗಿ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು ಬಂದ.

ಮನೆಯಲ್ಲಿ ಇನ್ನೊಂದು ಹಳೆಯ ಡಿಎಸ್‌ಎಲ್‌ಆರ್ ಉಳಿದಿತ್ತು. ಶಟರ್ ಕೆಟ್ಟು ಎರಡು ವರ್ಷವಾಗಿದ್ದರಿಂದ ಯಾರೂ ಕೊಂಡಿರಲಿಲ್ಲ. ಮುಂದಿನ ಮದುವೆಗೆ ಅವನು ಅದನ್ನು ಒರೆಸಿ ಕೊರಳಿಗೆ ಹಾಕಿಕೊಂಡ. ಭಾರ ಕಡಿಮೆಯಾಗಲೆಂದು ಬ್ಯಾಟರಿ ತೆಗೆದಿದ್ದ, ಕಾರ್ಡು ಹಾಕಿರಲಿಲ್ಲ. ಮೇಲೊಂದು ಸ್ವಂತ ಬ್ಯಾಟರಿಯ ಫ್ಲ್ಯಾಶು ಕೂಡಿಸಿದ್ದ, ನೋಡುವವರಿಗೆ ಭರ್ತಿ ಕಾಣಲಿ ಎಂದು. ಫೋಟೋ ತೆಗೆಯುವುದು ಕೈಯಲ್ಲಿನ ಸಣ್ಣದರಿಂದ, ಕೊರಳಲ್ಲಿನದು ಬರೀ ತೋರಿಕೆಗೆ.

“ಇದೇನೋ ಚನ್ನು,” ಮುಕ್ತಿಯಾರ್ ನಕ್ಕ, “ತುಡುಗು ದನದ ಕೊರಳಿಗೆ ಕಟಿಗಿ ತುಂಡು ಕಟ್ಟಿದಂಗ ಕಾಣಾಕತ್ತೀ.”

ರಾಜಶ್ರೀ ನಗಲಿಲ್ಲ. “ಡಾಕ್ಟರ್ ಇಳಸು ಅಂದಿದ್ದನ್ನ ಮತ್ತ ಹಾಕ್ಕೊಂಡ್ರಲ್ಲ. ಯಾರಿಗೆ ಹೆದರಾಕತ್ತೀರಿ?” ಎಂದಳು. ಅವನು ಕೊರಳಪಟ್ಟಿ ಸರಿಮಾಡಿಕೊಂಡು ಹೊರಟ. ಆದರೆ ಜನ ಮತ್ತೆ ದಾರಿ ಬಿಡತೊಡಗಿದ್ದು ನಿಜ. ಆಟಿಕೆ ಎಂದು ಯಾರೂ ಅನ್ನಲಿಲ್ಲ. ಹೀಗೇ ಏಳೆಂಟು ಮದುವೆಗಳಾದವು.

ಆಮೇಲೆ ಮಸ್ಕಿಯ ಕಲ್ಯಾಣ ಮಂಟಪದ ಮದುವೆ ಬಂತು. ಮದುಮಗಳು ಅಮೂಲ್ಯಾ, ಪಾಮನಕಲ್ಲೂರಿನ ರೈತ ದೊಡ್ಡಬಸಪ್ಪನ ಮಗಳು. ಗಂಡಿನವರು ಲಿಂಗಸುಗೂರಿನವರು. ಮಧ್ಯಾಹ್ನ ಎರಡಕ್ಕೆ ಊಟ ನಡೆದಿತ್ತು. ಸಣ್ಣ ಕ್ಯಾಮೆರಾದ ಬ್ಯಾಟರಿ ಮುಗಿಯಲು ಬಂದಿತ್ತು. ಅದನ್ನು ಮುಕ್ತಿಯಾರ್‌ನ ಹತ್ತಿರ ಬಿಟ್ಟು, ಚೀಲದಲ್ಲಿನ ಬೇರೆ ಬ್ಯಾಟರಿ ತರಲು ಚನ್ನವೀರ ಮಂಟಪದ ಹಿಂಬದಿಗೆ ಬಂದ. ಅಲ್ಲಿ ನೀರಿನ ಡ್ರಮ್ಮುಗಳ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತು ದಾಟಿದವಳು. ಸೆರಗನ್ನು ತಲೆಯ ಮೇಲಿಂದ ಎಳೆದು ಎಡಗೆನ್ನೆಗೆ ಒತ್ತಿ ಹಿಡಿದಿದ್ದಳು.

“ತಮ್ಮಾ, ನಂದೊಂದು ಫೋಟೋ ತಗೀತೀ?”

“ಸ್ಟೇಜಿಗೆ ಬರ್ರಿ ಅಕ್ಕಾರ, ಎಲ್ಲಾರ ಕೂಡ ತಗಿತೀನಿ.”

“ಅಲ್ಲಿ ಬ್ಯಾಡ. ನಾ ಒಬ್ಬಾಕಿನ ಇರಬೇಕು.” ಹಾಗೆಂದು ಆಕೆ ಸೆರಗು ಬಿಟ್ಟಳು. ಕಿವಿಯಿಂದ ಗದ್ದದವರೆಗೆ, ಅಲ್ಲಿಂದ ಕೊರಳಿಗೆ, ಎಡಭಾಗದ ಚರ್ಮ ಸುಟ್ಟು ಮುದುಡಿತ್ತು. ಹಳೆಯ ಗಾಯ. ಆಕೆ ಅವನ ಮುಖವನ್ನೇ ನೋಡುತ್ತಿದ್ದಳು, ಅವನು ಕಣ್ಣು ತೆಗೆಯುತ್ತಾನೋ ಹೇಗೋ ಎಂದು. “ಆ ದೊಡ್ಡದರಾಗ ತಗಿ ತಮ್ಮಾ. ಒಂದ ಸಲ ತಗಸ್ಕೊಳ್ಳೂದು, ಚಲೋದರಾಗ ಇರ್ಲಿ.”

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು: ಗಂಡಿನವರು ಜೋಡಿ ಫೋಟೋಗೆ ಕಾಯುತ್ತಿದ್ದಾರೆ, ಬೇಗ ಬರಬೇಕಂತೆ. ದೊಡ್ಡದರಲ್ಲಿ ಏನೂ ಇಲ್ಲ ಎಂದು ಆಕೆಗೆ ಹೇಗೆ ಹೇಳುವುದು? ಒಬ್ಬಳಿಗೆ ಹೇಳಿದರೆ ಇಡೀ ಮಂಟಪಕ್ಕೆ ಗೊತ್ತಾಗುತ್ತದೆ ಎನ್ನಿಸಿತು. ಆಮೇಲೆ ಈ ಫೋಟೋವನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದೂ ಅನ್ನಿಸಿತು. ಅವನು ಖಾಲಿ ಕ್ಯಾಮೆರಾವನ್ನು ಕಣ್ಣಿಗೆತ್ತಿದ. ಫ್ಲ್ಯಾಶಿನ ಹಿಂದೆ, ಅದು ಹೊತ್ತುತ್ತದೋ ಇಲ್ಲವೋ ನೋಡಲು ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದ. ಬೆಳಕು ಫಳಕ್ ಎಂದಿತು.

“ಬಂತಾ?”

“ಭಾಳ ಚಲೋ ಬಂತ್ರಿ.”

“ತೋರಸ್ತೀ?”

“ಈಗ ಟೈಮ್ ಇಲ್ರಿ ಅಕ್ಕಾರ. ಸ್ಟುಡಿಯೋಕ್ಕ ಬರ್ರಿ, ಅಲ್ಲಿ ತೋರಸ್ತೀನಿ.”

ಆಕೆ ನಕ್ಕಳು. ನಕ್ಕಾಗ ಸುಟ್ಟ ಕಡೆಯ ತುಟಿ ಮೇಲೇಳಲಿಲ್ಲ. ಮತ್ತೆ ಸೆರಗು ಎಳೆದುಕೊಂಡು ಅಡುಗೆಯವರ ಕಡೆ ಹೋದಳು.

ಆಲ್ಬಮ್ ಕೊಟ್ಟು ಹದಿನೈದು ದಿನಕ್ಕೆ ಆಕೆ ಸ್ಟುಡಿಯೋಗೆ ಬಂದಳು. ಪಾಮನಕಲ್ಲೂರಿನಿಂದ ಮಸ್ಕಿಗೆ ಒಂದು ಬಸ್ಸು, ಅಲ್ಲಿಂದ ಸಿಂಧನೂರಿಗೆ ಇನ್ನೊಂದು. ಒಬ್ಬಳೇ ಬಂದಿದ್ದಳು. ಹೆಸರು ಕಸ್ತೂರೆಮ್ಮ, ದೊಡ್ಡಬಸಪ್ಪನ ಅಕ್ಕ, ಮದುಮಗಳಿಗೆ ಸೋದರತ್ತೆ. ತಲೆಯ ಮೇಲೆ ಸೆರಗಿತ್ತು, ಕೆನ್ನೆಯ ಮೇಲಿರಲಿಲ್ಲ. ರಾಜಶ್ರೀಯ ಪಕ್ಕದ ಕುರ್ಚಿಯಲ್ಲಿ ಕೂತು ತಾನೇ ಮಾತು ತೆಗೆದಳು.

“ಅಮೂಲ್ಯಾ ಗಂಡನ ಮನಿಗೆ ಹೋಗೂ ಮುಂಚೆ ಒಂದ ಮಾತು ತಗೊಂಡಿದ್ಳು ನೋಡವ್ವ. ಅತ್ತೀ, ನಿನ್ನ ಫೋಟೋ ಒಂದೂ ಇಲ್ಲ, ನನಗ ಒಂದು ಬೇಕು, ಮುಖ ಮುಚ್ಚಿದ್ದಲ್ಲ ಅಂತ. ಇಪ್ಪತ್ತು ವರ್ಷದಾಕಿ ಇದ್ದೆ, ಸ್ಟೋ ಸಿಡದು ಹಿಂಗಾತು. ಗೊತ್ತಾಗಿದ್ದ ಸಂಬಂಧ ಬಿಟ್ಟುಹೋತು. ಆಧಾರ್ ಕಾರ್ಡಿಗೆ ಒಂದು ತಗಸ್ಕೊಂಡಿದ್ದೆ, ಅವತ್ತು ಸರದಿ ನಿಂತೋರೆಲ್ಲ ಹೊಳ್ಳಿ ಹೊಳ್ಳಿ ನೋಡಿದ್ರು. ಮತ್ತ ಕ್ಯಾಮೆರಾ ಮುಂದ ನಿಂತಿಲ್ಲ. ನಿಮ್ಮ ಯಜಮಾನ್ರು ಚಲೋ ಮನಷ್ಯಾ, ಅಂಜದ ತಗದ್ರು.”

ರಾಜಶ್ರೀ ಹುಡುಕಿದಳು. ಎಲ್ಲ ಫೋಲ್ಡರುಗಳನ್ನೂ ತೆರೆದಳು. ಸಿಗಲಿಲ್ಲ. ಚನ್ನವೀರ ಹಿಂದೆ ಪರದೆಯ ಹತ್ತಿರ ನಿಂತು ದೀಪದ ವೈರು ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.

“ರೀ, ಅಕ್ಕಾರ ಫೋಟೋ ಯಾವುದ್ರಾಗ ಐತಿ?”

“ಅದು... ಆ ಕಾರ್ಡ್ ಕೆಟ್ಟುಹೋತು. ಅದರಾಗಿನ್ವು ಯಾವೂ ಬರಲಿಲ್ಲ.”

ಕಸ್ತೂರೆಮ್ಮ ಕಂಪ್ಯೂಟರಿನ ಪರದೆಯನ್ನೊಮ್ಮೆ ನೋಡಿದಳು. ಆಮೇಲೆ ಎದ್ದಳು.

“ಕಾರ್ಡ್ ಕೆಟ್ಟಿಲ್ಲ ಬಿಡಪ್ಪ. ಕಂಪ್ಯೂಟರ್‌ದಾಗ ದೊಡ್ಡದಾಗಿ ನೋಡಿದ ಮ್ಯಾಲೆ ಅಳಿಸೀರಿ. ಅದರಾಗ ನಿಮ್ಮ ತಪ್ಪೇನೈತಿ? ನಾನ ತಿಳ್ಕೋಬೇಕಿತ್ತು.”

“ಇಲ್ರಿ ಅಕ್ಕಾರ, ಹಂಗಲ್ಲ—”

ಆಕೆ ಮೆಟ್ಟಿಲು ಇಳಿದುಹೋದಳು.

ರಾಜಶ್ರೀ ಕುರ್ಚಿ ತಿರುಗಿಸಿ ಕೂತಳು. “ಆ ಮದುವಿದು ಒಂದ ಕಾರ್ಡ್ ಇತ್ತು. ಅದು ಕೆಟ್ಟಿಲ್ಲ. ಏನ್ ಮಾಡೀರಿ?”

ಅವನು ಹೇಳಿದ. ಡ್ರಮ್ಮಿನ ಪಕ್ಕ ನಿಂತದ್ದು, ಫ್ಲ್ಯಾಶಿನ ಗುಂಡಿ ಒತ್ತಿದ್ದು, ಭಾಳ ಚಲೋ ಬಂತು ಎಂದದ್ದು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವನು ಕೆಟ್ಟ ಫೋಟೋ ತೆಗೆದಿದ್ದ, ತಡವಾಗಿ ಕೊಟ್ಟಿದ್ದ, ಬೈಸಿಕೊಂಡಿದ್ದ. ತೆಗೆಯದ ಫೋಟೋವನ್ನು ತೆಗೆದೆ ಎಂದಿರಲಿಲ್ಲ.

“ಬರುವಾಗ ಅಕಿ ಮುಖ ತೆರಕೊಂಡು ಬಂದಿದ್ಳು,” ರಾಜಶ್ರೀ ಹೇಳಿದಳು. “ಹೋಗುವಾಗ ಮುಚ್ಕೊಂಡು ಹೋದ್ಳು. ನೋಡಿದ್ರಿಲ್ಲೋ?”

“ನೋಡಿದೆ.”

“ಹೋಗಿ ಹೇಳ್ರಿ ಮತ್ತ.”

ಅವನು ಒಂಬತ್ತು ದಿನ ಹೋಗಲಿಲ್ಲ. ಒಂದು ದಿನ ಬುಕಿಂಗ್ ಇತ್ತು, ಒಂದು ದಿನ ಕೈ ನೋಯುತ್ತಿತ್ತು, ಉಳಿದ ದಿನಗಳಿಗೆ ನೆಪವೂ ಇರಲಿಲ್ಲ. ಹೊಟ್ಟೆಗೆ ಅನ್ನ ಇಳಿಯುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಆದರೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದವರು, “ಚಲೋ ಬಂತೇನ್ರಿ?” ಎಂದು ಕೇಳಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಹೆಂಡತಿಯ ಕಣ್ಣಿಗೆ ಕಣ್ಣು ಕೊಡುವುದನ್ನೂ ಬಿಟ್ಟಿದ್ದ.

ಬರಿಗೈಯಲ್ಲಿ ಹೋಗಬಾರದೆಂದು ಅವನು ಆ ಮದುವೆಯ ಮೂರು ಸಾವಿರ ಫೋಟೋಗಳನ್ನು ಒಂದೊಂದಾಗಿ ನೋಡಿದ. ಕಸ್ತೂರೆಮ್ಮ ಅಲ್ಲಲ್ಲಿ ಇದ್ದಳು, ಅಂಚಿನಲ್ಲಿ, ಬೆನ್ನು ತಿರುಗಿಸಿ, ಸೆರಗಿನೊಳಗೆ. ರಾಜಶ್ರೀ ಬೇಡವೆಂದು ತೆಗೆದಿಟ್ಟ ಚಿತ್ರಗಳಲ್ಲಿ ಮಾತ್ರ ಒಂದು ಬೇರೆ ಥರ ಇತ್ತು. ಅಕ್ಕಿಕಾಳು ಬೀಳುವ ಹೊತ್ತಿನದು. ಅವನು ಮದುಮಗಳಿಗೆ ಗುರಿ ಇಟ್ಟಿದ್ದ. ಕಂಬದ ಹತ್ತಿರ ನಿಂತಿದ್ದ ಕಸ್ತೂರೆಮ್ಮನ ಸೆರಗು ಜಾರಿತ್ತು. ಆಕೆ ಅಮೂಲ್ಯಾಳನ್ನು ನೋಡುತ್ತಿದ್ದಳು. ಸಣ್ಣ ಕ್ಯಾಮೆರಾ ಮದುಮಗಳನ್ನು ಬಿಟ್ಟು ಆಕೆಯ ಕಣ್ಣನ್ನು ಹಿಡಿದಿತ್ತು. ಮದುಮಗಳು ಮಸುಕಾಗಿದ್ದಳು. ಕಸ್ತೂರೆಮ್ಮನ ಒಂದೊಂದು ರೆಪ್ಪೆಯೂ ಕಾಣುತ್ತಿತ್ತು. ಇಡೀ ಮದುವೆಯಲ್ಲಿ ಅಂಥ ಫೋಟೋ ಇನ್ನೊಂದಿರಲಿಲ್ಲ. ಚನ್ನವೀರನಿಗೆ ಬಿಡುಗಡೆಯಾದಂತೆನಿಸಿತು. ದೊಡ್ಡದಾಗಿ ಅಚ್ಚು ಹಾಕಿಸಿ ಕವರಿನಲ್ಲಿಟ್ಟುಕೊಂಡು ಮಸ್ಕಿಯ ಬಸ್ಸು ಹತ್ತಿದ. ಸಣ್ಣ ಕ್ಯಾಮೆರಾ ಚೀಲದಲ್ಲಿತ್ತು, ಕೊರಳಲ್ಲಿ ಏನೂ ಇರಲಿಲ್ಲ.

ಪಾಮನಕಲ್ಲೂರಿನ ಮನೆಯ ಕಟ್ಟೆಯ ಮೇಲೆ ಕಸ್ತೂರೆಮ್ಮ ತೊಗರಿ ಹಸನು ಮಾಡುತ್ತಿದ್ದಳು. ಆಕೆ ಒಬ್ಬಳೇ ಇದ್ದರೆ ಮಾತಾಡುವುದು ಸುಲಭ ಎಂದು ಅವನು ದಾರಿಯುದ್ದಕ್ಕೂ ಅಂದುಕೊಂಡಿದ್ದ. ದೊಡ್ಡಬಸಪ್ಪನೂ ಅಲ್ಲೇ ಕೂತಿದ್ದ.

“ಬರ್ರಿ ಫೋಟೋದವರ, ಕೂಡ್ರಿ. ಆಲ್ಬಮ್ ಭಾಳ ಚಂದ ಮಾಡೀರಿ.”

ಚನ್ನವೀರ ಕೂಡಲಿಲ್ಲ. ನಿಂತೇ ಹೇಳಿದ. “ಅಕ್ಕಾರ, ಅವತ್ತು ಕಾರ್ಡ್ ಕೆಟ್ಟಿತ್ತು ಅಂದದ್ದು ಸುಳ್ಳು. ನಿಮ್ಮ ಫೋಟೋ ಅಳಿಸಿಲ್ಲ. ನಾ ತಗದ ಇಲ್ಲ. ಕೊರಳಾಗಿಂದು ಖಾಲಿ ಕ್ಯಾಮೆರಾ ರೀ. ಬ್ಯಾಟರಿ ಇಲ್ಲ, ಕಾರ್ಡ್ ಇಲ್ಲ. ಬರೇ ಫ್ಲ್ಯಾಶ್ ಹೊಡದೆ.”

“ಖಾಲಿದು ಯಾಕ ಹಾಕ್ಕೊಂಡಿದ್ದಿ?” ಕಸ್ತೂರೆಮ್ಮ ಕೇಳಿದಳು.

“ನನ್ನ ಕೈ ಹೋಗಾಕತ್ತೈತ್ರಿ. ಭಾರ ಹೊರಾಕ ಆಗೂದಿಲ್ಲ. ಸಣ್ಣದು ಹಿಡ್ಕೊಂಡು ಬಂದ್ರ ಮಂದಿ ನಗ್ತಾರಂತ...” ಕವರಿನ ಮೂಲೆ ಅವನ ಬೆರಳಲ್ಲಿ ಮುದುಡಿತು.

ದೊಡ್ಡಬಸಪ್ಪ ಎದ್ದು ನಿಂತ. “ನಮ್ಮಕ್ಕನ ಮುಂದ ಆಟ ಆಡಿಯೇನಲೇ? ಅಕಿ ಮೂವತ್ತು ವರ್ಷ—”

“ಕೂಡು ತಮ್ಮ.” ಕಸ್ತೂರೆಮ್ಮ ಮೊರ ಕೆಳಗಿಟ್ಟಳು. “ಆ ಕವರಿನ್ಯಾಗ ಏನೈತಿ?”

ಅವನು ಫೋಟೋ ಕೊಟ್ಟ. ಆಕೆ ಬಹಳ ಹೊತ್ತು ನೋಡಿದಳು. ಮೆಚ್ಚಿದಳು ಎಂದೇ ಅವನು ತಿಳಿದ.

“ಇದು ಯಾವಾಗಿಂದು?”

“ಅಕ್ಕಿಕಾಳಿನ ಹೊತ್ತಿಂದು ರೀ. ಸಣ್ಣದು ಸದ್ದು ಮಾಡೂದಿಲ್ಲ. ನಿಮಗ ಗೊತ್ತಾಗಿಲ್ಲ.”

“ನಾ ಕೇಳ್ಕೊಂಡು ಬಂದಾಗ ತಗೀಲಿಲ್ಲ. ಕೇಳದ ಇದ್ದಾಗ ತಗದಿ.” ದನಿ ಏರಿಸದೆ ಹೇಳಿದಳು. “ಇದು ನಾ ಕೊಟ್ಟ ಫೋಟೋ ಅಲ್ಲಪ್ಪ.”

ತಪ್ಪು ತೊಳೆಯಲು ತಂದದ್ದೂ ಇನ್ನೊಂದು ತಪ್ಪಾಗಿ ಚನ್ನವೀರನ ಎದುರಿಗೇ ಇತ್ತು. “ಈಗ ತಗೀಲೇನ್ರಿ? ಕ್ಯಾಮೆರಾ ತಂದೀನಿ” ಎಂದ. ಹಾಗೆ ಕೇಳಿದ್ದಕ್ಕೂ ಮರುಕ್ಷಣ ನಾಚಿಕೆಯಾಯಿತು.

“ಬ್ಯಾಡ. ಅವತ್ತು ಬಂದಿದ್ದ ಧೈರ್ಯ ಇವತ್ತಿಲ್ಲ.” ಆಕೆ ಫೋಟೋವನ್ನು ಹಿಂದಕ್ಕೆ ಕೊಟ್ಟಳು. “ಕಂಪ್ಯೂಟರ್‌ದಾಗಿಂದೂ ತಗಿಸಿಬಿಡು.”

ಅವನು ಅಲ್ಲಿಂದಲೇ ರಾಜಶ್ರೀಗೆ ಫೋನು ಮಾಡಿ ಅಳಿಸಲು ಹೇಳಿದ. ಅಳಿಸಿದೆ ಎಂದು ಅವಳು ಹೇಳಿದ್ದನ್ನು ಕಸ್ತೂರೆಮ್ಮನಿಗೂ ಕೇಳಿಸಿದ. ಆಕೆಯ ಕಣ್ಣ ಮುಂದೆಯೇ ಅಚ್ಚಿನ ಪ್ರತಿಯನ್ನು ಹರಿದ.

ಅಲ್ಲಿಗೆ ಮುಗಿಯಲಿಲ್ಲ. ಕಸ್ತೂರೆಮ್ಮ ತನ್ನ ಫೋನು ತೆಗೆದು ಅಮೂಲ್ಯಾಳಿಗೆ ಹಚ್ಚಿದಳು. “ಫೋಟೋ ತಗಸ್ಕೊಂಡೆ ಅಂತ ನಾ ಹೇಳಿದ್ದು ಅಕಿ ನಂಬಿಲ್ಲ. ಮಾತು ತಪ್ಪಿಸ್ಕೊಳ್ಳಾಕ ಸುಳ್ಳು ಹೇಳೀ ಅಂತಾಳ. ನನಗ ಹೇಳಿದ್ದನ್ನ ಅಕಿಗೂ ಹೇಳು.”

ಮದುವೆಯಲ್ಲಿ ಅವನಿಗೆ ಹತ್ತು ಸಲ ‘ಅಣ್ಣಾರ, ಊಟ ಆತೇನ್ರಿ’ ಎಂದು ಕೇಳಿದ ಹುಡುಗಿ ಅವಳು. ಚನ್ನವೀರ ಇನ್ನೊಮ್ಮೆ ಎಲ್ಲವನ್ನೂ ಹೇಳಿದ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು, ಏಕೆಂದರೆ ಆ ಕಡೆಯಿಂದ ಸದ್ದೇ ಇರಲಿಲ್ಲ. ಕೊನೆಗೆ ಅವಳು ಒಂದೇ ಮಾತು ಅಂದಳು: “ನಮ್ಮ ಅತ್ತೀ ಕೈಯಾಗ ಕೊಡ್ರಿ ಫೋನ್.”

ಒಳಗಿನಿಂದ ಚಹಾ ಬಂತು. ಬೇಡವೆನ್ನುವ ಹಕ್ಕು ತನಗಿಲ್ಲ ಎಂದುಕೊಂಡು ಅವನು ಕುಡಿದ.

ಆಮೇಲಿನ ಬುಕಿಂಗುಗಳಿಗೆಲ್ಲ ಅವನು ಸಣ್ಣ ಕ್ಯಾಮೆರಾವನ್ನೇ ಮೇಜಿನ ಮೇಲಿಟ್ಟು ಮಾತಾಡತೊಡಗಿದ. ಕೈ ಹೀಗಿದೆ, ಇದರಲ್ಲೇ ತೆಗೆಯುತ್ತೇನೆ ಎನ್ನುತ್ತಿದ್ದ. ಲಿಂಗಸುಗೂರಿನ ಒಬ್ಬರು ಕೇಳಿದ ಕೂಡಲೇ ಎದ್ದು ಬೇರೆಯವರ ಹತ್ತಿರ ಹೋದರು. ಕೆಲವರು ಕೈ ಬಗ್ಗೆ ಎರಡು ಮಾತು ವಿಚಾರಿಸಿ ಮದುವೆ ಒಪ್ಪಿಸಿದರು. ಜೋಡಿ ಕ್ಯಾಮೆರಾದ ಎಂಬ ಹೆಸರು ನಿಧಾನಕ್ಕೆ ಬಿಟ್ಟುಹೋಯಿತು. ಅದಕ್ಕೆ ಅವನಿಗೆ ಬೇಸರವಾಗಲಿಲ್ಲ. ಪಾಮನಕಲ್ಲೂರಿನ ಕಡೆಯ ಮದುವೆ ಬಂದರೆ ಮಾತ್ರ ಮುಕ್ತಿಯಾರ್‌ನನ್ನು ಮುಂದೆ ಕಳಿಸಿ ತಾನು ಹಿಂದೆ ಉಳಿಯುತ್ತಿದ್ದ.

ನಾಗರಪಂಚಮಿ ಮುಗಿದ ಮೂರನೆಯ ದಿನ ಅಮೂಲ್ಯಾ ಸ್ಟುಡಿಯೋಗೆ ಬಂದಳು. ತವರಿಗೆ ಹಬ್ಬಕ್ಕೆ ಬಂದವಳು. ಲಿಂಗಸುಗೂರಿಗೆ ಹೋಗುವ ದಾರಿ ಬಿಟ್ಟು ಇತ್ತ ಬಂದಿದ್ದಳು. ಚನ್ನವೀರ ಎದ್ದು ನಿಂತ. ಅವಳು ರಾಜಶ್ರೀಯ ಮುಂದೆ ಫೋನು ಇಟ್ಟಳು.

“ಇದೊಂದು ದೊಡ್ಡದು ಮಾಡಿಸಿ ಕೊಡ್ರಿ ಅಕ್ಕಾರ.”

ಕಂಪ್ಯೂಟರಿನಲ್ಲಿ ಚಿತ್ರ ತೆರೆಯಿತು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಕಸ್ತೂರೆಮ್ಮ ಕೂತಿದ್ದಳು. ಎರಡೂ ಕೈ ಹಗ್ಗದ ಮೇಲೆ, ಆದ್ದರಿಂದ ಸೆರಗು ಹಿಡಿಯಲು ಕೈಯಿರಲಿಲ್ಲ. ಸುಟ್ಟ ಕೆನ್ನೆ ಈ ಕಡೆಗಿತ್ತು. ನೇರವಾಗಿ ಫೋನಿನ ಕಡೆಗೆ ನೋಡಿ ಏನೋ ಬೈಯುತ್ತ ನಗುತ್ತಿದ್ದಳು. ಫೋಟೋ ಸ್ವಲ್ಪ ಅಲುಗಿತ್ತು, ಹಿಂದಿನ ಗೋಡೆ ವಾರೆಯಾಗಿತ್ತು. ರಾಜಶ್ರೀಯ ಕೈ ಅಭ್ಯಾಸಬಲದಿಂದ ಮುಖದ ಕಲೆ ತೆಗೆಯುವ ಕಡೆಗೆ ಹೋಯಿತು.

“ಏನೂ ಮುಟ್ಟಬ್ಯಾಡ್ರಿ,” ಅಮೂಲ್ಯಾ ಹೇಳಿದಳು.

“ಲಿಂಗಸುಗೂರಾಗೂ ಮಾಡಿಕೊಡ್ತಿದ್ರಲ್ಲವಾ,” ಎಂದ ಚನ್ನವೀರ. ಏನಾದರೂ ಮಾತಾಡಬೇಕಿತ್ತು.

“ನಾನೂ ಅದನ್ನ ಅಂದೆ ರೀ. ಅತ್ತಿನ ಹೇಳಿದ್ಳು, ಅಲ್ಲೇ ಮಾಡ್ಸು, ಆ ಮನಷ್ಯಾನ ಕೈಲೇ ಮಾಡ್ಸು ಅಂತ.”

ಕ್ಷಮಿಸಿ ಹೇಳಿದ ಮಾತೋ, ಮರೆಯದಿರಲಿ ಎಂದು ಹೇಳಿದ ಮಾತೋ, ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಯಂತ್ರದಿಂದ ನಿಧಾನವಾಗಿ ಇಳಿದುಬಂದ ಹಾಳೆಯನ್ನು ಅವನು ಎರಡೂ ಕೈಯಲ್ಲಿ ಅಂಚು ಹಿಡಿದು ಎತ್ತಿದ. ಒಣಗುವವರೆಗೆ ಹಾಗೇ ಹಿಡಿದು ನಿಂತ. ಬಲಗೈಗೆ ಜೋಮು ಹಿಡಿಯತೊಡಗಿತು, ಕೆಳಗಿಡಲಿಲ್ಲ. ಅಮೂಲ್ಯಾ ಅದನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು, ರಾಜಶ್ರೀಗೆ ಬರುತ್ತೇನೆಂದು ಹೇಳಿ, ಅವನಿಗೆ ಏನೂ ಹೇಳದೆ ಮೆಟ್ಟಿಲು ಇಳಿದಳು.